ಕಪ್ಪು ಕಾಯಿ ಬಂದಾಗ: 1907ರ ಒಂದು ಆಟವನ್ನು ಹಂತ ಹಂತವಾಗಿ ಓದುವುದು ಹೇಗೆ

ಚೆಸ್ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. "ಕಪ್ಪು ಕಾಯಿ ಬಂದ್ರೆ ಏನು ಆಡೋದು, ಬರೀ ತಡೆದುಕೊಂಡು ಕೂರೋದೇನಾ?" ಇದು ಮೊದಲನೆಯದು. "ಹಳೆಯ ಆಟಗಳನ್ನು ನೋಡಿ ಕಲಿಯಿರಿ ಅಂತಾರಲ್ಲ, ನೋಡೋದು ಅಂದ್ರೆ ಹೇಗೆ?" ಇದು ಎರಡನೆಯದು. ಎರಡಕ್ಕೂ ಒಂದೇ ಆಟದಲ್ಲಿ ಉತ್ತರ ಹುಡುಕೋಣ.

ಆಟ 1907ರದ್ದು. ಊರು ಲೋಡ್ಜ್, ಅಲ್ಲಿಯವರ ಬಾಯಲ್ಲಿ 'ವುಚ್'. ಈಗ ಅದು ಪೋಲೆಂಡಿನಲ್ಲಿದೆ, ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು. ಬಿಳಿ ಕಾಯಿ ಹದಿನೆಂಟು ವರ್ಷದ ಗೆಯೋರ್ಗ್ ರೋತ್ಲೆವಿಯದು. ಕಪ್ಪು ಕಾಯಿ ಅಕಿಬಾ ರೂಬಿನ್‌ಸ್ಟೈನ್ ಅವರದು. ಈ ಆಟ ನಡೆದ ಟೂರ್ನಿಯನ್ನು ಗೆದ್ದವರು ರೂಬಿನ್‌ಸ್ಟೈನ್. ಈ ಆಟ ಮುಗಿದದ್ದು ಕೇವಲ 25 ನಡೆಗಳಲ್ಲಿ. 'ರೂಬಿನ್‌ಸ್ಟೈನ್ ಅವರ ಅಮರ ಆಟ' ಎಂದೇ ಚೆಸ್ ಲೋಕ ಇದನ್ನು ಕರೆಯುತ್ತದೆ.

ಮೊದಲೇ ಒಂದು ಎಚ್ಚರಿಕೆ. ಈ ಆಟದ ಕೊನೆಯಲ್ಲಿ ರಾಣಿಯನ್ನೇ ಬಲಿ ಕೊಡುವ ನಡೆಗಳಿವೆ. ಅಂತರ್ಜಾಲದಲ್ಲಿ ಓಡಾಡುವ ವಿಡಿಯೊಗಳೆಲ್ಲ ನೇರ ಅಲ್ಲಿಗೇ ಹಾರುತ್ತವೆ. ನಾನೂ ಮೊದಲು ಕೊನೆಯ ಮೂರು ನಡೆಗಳನ್ನು ಬಾಯಿಪಾಠ ಮಾಡಿ ಬೀಗಿದ್ದೆ, ಆಟದಲ್ಲಿ ಅದರಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ. ಈ ಆಟ ಗೆದ್ದದ್ದು 23ನೇ ನಡೆಯಲ್ಲಲ್ಲ, 15ನೇ ನಡೆಯ ಹೊತ್ತಿಗೆ. ಅದು ನಿಮ್ಮ ಕಣ್ಣಿಗೆ ಕಾಣಬೇಕು ಎನ್ನುವುದೇ ಈ ಲೇಖನದ ಉದ್ದೇಶ.

ಹಂತ 1: ಬೇಕಾದದ್ದು

ನಿಜವಾದ ಒಂದು ಬೋರ್ಡು, ಕಾಯಿಗಳು, ಒಂದು ನೋಟ್‌ಬುಕ್, ಪೆನ್ನು. ಎರಡು ಸಂಜೆ, ಸಂಜೆಗೆ ಒಂದು ಗಂಟೆ. ಇಷ್ಟು ಸಾಕು.

ಮೊಬೈಲ್ ಬೇಡವೇ? ಆಮೇಲೆ ಬೇಕು, ಈಗ ಬೇಡ. ಪರದೆಯ ಮೇಲೆ ಬಾಣದ ಗುರುತು ಒತ್ತುತ್ತಾ ಹೋದರೆ 25 ನಡೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ಕೈಯಿಂದ ಕಾಯಿ ಎತ್ತಿ ಇಟ್ಟಾಗ ಮಾತ್ರ "ಇದನ್ನ ಯಾಕೆ ಇಲ್ಲಿಗೆ ತಂದ?" ಎಂಬ ಪ್ರಶ್ನೆ ಏಳುತ್ತದೆ.

ಬೋರ್ಡು ಇಡುವಾಗ ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರಬೇಕು. ರಾಣಿ ತನ್ನ ಬಣ್ಣದ ಮನೆಯಲ್ಲೇ ನಿಲ್ಲಬೇಕು. ಎಷ್ಟೋ ಮನೆಗಳಲ್ಲಿ ಬೋರ್ಡನ್ನೇ ತಿರುಗಿಸಿ ಇಟ್ಟಿರುತ್ತಾರೆ. ಆಗ ಹತ್ತನೇ ನಡೆಗೆ ಬರುವಷ್ಟರಲ್ಲಿ ಎಲ್ಲ ಗೋಜಲು.

ಇನ್ನೊಂದು ಮಾತು: ಕಪ್ಪಿನ ಕಡೆ ಕೂತುಕೊಳ್ಳಿ. ನಾವು ಕಲಿಯುತ್ತಿರುವುದು ಕಪ್ಪಿನ ಆಟ, ಬೋರ್ಡು ಆ ಕಡೆಯಿಂದಲೇ ಕಾಣಬೇಕು.

ಹಂತ 2: ನಡೆ ಓದುವ ರೀತಿ

ಬಿಳಿಯ ಎಡದಿಂದ ಬಲಕ್ಕೆ ಎಂಟು ಉದ್ದ ಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಬಿಳಿಯ ಕಡೆಯಿಂದ ಅಡ್ಡ ಸಾಲುಗಳಿಗೆ 1ರಿಂದ 8. ಅಕ್ಷರ, ಸಂಖ್ಯೆ ಎರಡೂ ಸೇರಿದರೆ ಮನೆಯ ವಿಳಾಸ. 'ಕುದುರೆ ಎಫ್3' ಅಂದರೆ ಕುದುರೆ ಎಫ್3 ಮನೆಗೆ ಹೋಯಿತು. ಬರೀ 'ಡಿ4' ಅಂದರೆ ಕಾಲಾಳು ಡಿ4ಕ್ಕೆ ಹೋಯಿತು. ನಡುವೆ × ಇದ್ದರೆ ಅಲ್ಲಿದ್ದ ಕಾಯಿಯನ್ನು ಹೊಡೆಯಿತು, + ಇದ್ದರೆ ರಾಜನಿಗೆ ಚೆಕ್. ಮೊದಲು ಬರೆದದ್ದು ಬಿಳಿಯ ನಡೆ, ಗೆರೆಯ ಆಚೆ ಬರೆದದ್ದು ಕಪ್ಪಿನದು.

ಕಾಯಿಗಳ ಹೆಸರು ಊರಿಗೊಂದು. ಇಲ್ಲಿ ಓರೆಯಾಗಿ ಓಡುವುದು ಒಂಟೆ, ಅಂದರೆ ಬಿಷಪ್. ನೇರ ಓಡುವುದು ಆನೆ, ಅಂದರೆ ರೂಕ್. ನಿಮ್ಮ ಮನೆಯಲ್ಲಿ ಮಂತ್ರಿ ಅನ್ನುವ ಕಾಯಿಯೇ ಇಲ್ಲಿ ರಾಣಿ.

ಹಂತ 3: ಮೊದಲ ಒಂಬತ್ತು ನಡೆ

ಇವಿಷ್ಟನ್ನು ನಿಧಾನವಾಗಿ ಆಡಿ.

1. ಡಿ4 – ಡಿ5
2. ಕುದುರೆ ಎಫ್3 – ಇ6
3. ಇ3 – ಸಿ5
4. ಸಿ4 – ಕುದುರೆ ಸಿ6
5. ಕುದುರೆ ಸಿ3 – ಕುದುರೆ ಎಫ್6
6. ಡಿ×ಸಿ5 – ಒಂಟೆ×ಸಿ5
7. ಎ3 – ಎ6
8. ಬಿ4 – ಒಂಟೆ ಡಿ6
9. ಒಂಟೆ ಬಿ2 – ಕ್ಯಾಸಲಿಂಗ್ (ರಾಜ ಜಿ8ಕ್ಕೆ, ಆನೆ ಎಫ್8ಕ್ಕೆ)

ಡಿ5, ಇ6, ಸಿ5: ಕಪ್ಪಿನ ಈ ಮೂರು ಕಾಲಾಳು ನಡೆಗಳೇ ಇಲ್ಲಿನ ಡಿಫೆನ್ಸ್, ಅಂದರೆ ಬಿಳಿಯ ಆರಂಭಕ್ಕೆ ಕಪ್ಪು ಕೊಡುವ ಉತ್ತರ. ಇದಕ್ಕೆ ಟಾರಾಶ್ ಡಿಫೆನ್ಸ್ ಎಂದು ಹೆಸರು. ಜರ್ಮನಿಯ ವೈದ್ಯ, ದೊಡ್ಡ ಆಟಗಾರ ಸೀಗ್‌ಬರ್ಟ್ ಟಾರಾಶ್ ಇದನ್ನು ಹಟ ಹಿಡಿದು ಸಮರ್ಥಿಸಿದವರು. ಡಿ4 ಆಟಕ್ಕೆ ಆಗ ಬಳಕೆಯಲ್ಲಿದ್ದ ಬೇರೆ ಉತ್ತರಗಳಲ್ಲಿ ಕಪ್ಪು ಕಾಯಿಗಳಿಗೆ ಉಸಿರುಗಟ್ಟುತ್ತದೆ, ಸಿ5 ಆಡಿದರೆ ಜಾಗ ಸಿಗುತ್ತದೆ ಎನ್ನುವುದು ಅವರ ವಾದ. ಈ ಬಗೆಯ ಆಟವನ್ನು ಕ್ಲಾಸಿಕಲ್ ಎನ್ನುತ್ತಾರೆ, ಆ ಮಾತಿಗೆ ಅರ್ಥ ಇಷ್ಟೇ: ಬೋರ್ಡಿನ ಮಧ್ಯದಲ್ಲಿ ನಮ್ಮದೇ ಕಾಲಾಳು ನಿಲ್ಲಿಸುವುದು, ಕುದುರೆ ಒಂಟೆಗಳನ್ನು ಬೇಗ ಹೊರತರುವುದು, ರಾಜನನ್ನು ಮೂಲೆಗೆ ಸೇರಿಸುವುದು. ದೂರದಲ್ಲಿ ಅಡಗಿ ಕೂತು ಆಮೇಲೆ ಮಧ್ಯಕ್ಕೆ ಗುರಿ ಇಡುವ ಉಪಾಯವೆಲ್ಲ ಇಲ್ಲಿಲ್ಲ.

6ನೇ ನಡೆ ನೋಡಿ. ಬಿಳಿ ತನ್ನ ಎಫ್1 ಒಂಟೆಯನ್ನು ಅಲುಗಿಸುವ ಮೊದಲೇ ಸಿ5ರಲ್ಲಿ ಹೊಡೆಯಿತು. ಕಪ್ಪು ಒಂಟೆ ಒಂದೇ ನೆಗೆತಕ್ಕೆ ಹೊರಗೆ ಬಂತು. ಬಿಳಿಯ ಒಂಟೆಗೆ ಈ ಸುಖ ಸಿಗುತ್ತದೆಯೇ ಎನ್ನುವುದನ್ನು ಮುಂದೆ ಗಮನಿಸಿ.

ಹಂತ 4: ಹಾಳಾದ ನಡೆಗಳನ್ನು ಎಣಿಸುವುದು

10. ರಾಣಿ ಡಿ2 – ರಾಣಿ ಇ7
11. ಒಂಟೆ ಡಿ3 – ಡಿ×ಸಿ4
12. ಒಂಟೆ×ಸಿ4 – ಬಿ5
13. ಒಂಟೆ ಡಿ3 – ಆನೆ (ಎಫ್8ರದ್ದು) ಡಿ8
14. ರಾಣಿ ಇ2 – ಒಂಟೆ ಬಿ7
15. ಕ್ಯಾಸಲಿಂಗ್

ಬಿಳಿ 15ನೇ ನಡೆ ಆಡಿದ ಕೂಡಲೇ ಕೈ ಕಟ್ಟಿ ಕುಳಿತುಕೊಳ್ಳಿ. ಕಪ್ಪಿನ ನಡೆ ಬಾಕಿ ಇದೆ.

ನಡುವೆ ಒಂದು ಸಣ್ಣ ವಿಷಯ. 10ನೇ ನಡೆಯಲ್ಲಿ ಕಪ್ಪು ರಾಣಿ ಇ7ಕ್ಕೆ ಹೋದಾಗ ಡಿ5ರ ಕಾಲಾಳು ಬಿಟ್ಟಿ ಬಿದ್ದ ಹಾಗೆ ಕಾಣುತ್ತದೆ. ಹೊಡೆಯಲು ಹೋದರೆ ಹೀಗಾಗುತ್ತದೆ: ಸಿ×ಡಿ5, ಇ×ಡಿ5, ಕುದುರೆ×ಡಿ5, ಕುದುರೆ×ಡಿ5, ರಾಣಿ×ಡಿ5, ಒಂಟೆ ಇ6. ಬಿಳಿಗೆ ಒಂದು ಕಾಲಾಳು ಲಾಭ, ಆದರೆ ರಾಣಿ ಓಡಬೇಕು, ರಾಜ ಇನ್ನೂ ಮಧ್ಯದಲ್ಲೇ ಇದ್ದಾನೆ. ಕಪ್ಪಿನ ಆನೆಗಳೆರಡೂ ಚಕಚಕ ಡಿ, ಸಿ ಸಾಲುಗಳಿಗೆ ಬರುತ್ತವೆ. ರೋತ್ಲೆವಿ ಹೊಡೆಯಲಿಲ್ಲ, ಅದು ಸರಿಯೇ. ಆದರೆ ಆ ರಾಣಿಗೆ ಡಿ2 ಒಳ್ಳೆಯ ಮನೆಯಲ್ಲ ಎಂದು ನಾಲ್ಕೇ ನಡೆಯಲ್ಲಿ ಅವರಿಗೇ ಗೊತ್ತಾಯಿತು.

ಹಂತ 5: ಕನ್ನಡಿ

ಈ ಆಟದಿಂದ ಒಂದೇ ಒಂದು ವಿಷಯ ಕಲಿಯುತ್ತೀರಿ ಅಂದರೆ ಅದು ಇಲ್ಲಿದೆ. ಅವಸರ ಮಾಡಬೇಡಿ.

ಬೋರ್ಡನ್ನು ನೋಡಿ. ಮಧ್ಯದಲ್ಲಿ ಅಡ್ಡಲಾಗಿ ಒಂದು ಕನ್ನಡಿ ಇಟ್ಟ ಹಾಗಿದೆ, ಅಲ್ವಾ? ಬಿಳಿ ರಾಣಿ ಇ2, ಕಪ್ಪು ರಾಣಿ ಇ7. ಬಿಳಿ ಒಂಟೆಗಳು ಬಿ2, ಡಿ3. ಕಪ್ಪಿನವು ಬಿ7, ಡಿ6. ಕುದುರೆಗಳು ಸಿ3, ಎಫ್3; ಆ ಕಡೆ ಸಿ6, ಎಫ್6. ಕಾಲಾಳುಗಳೂ ಹಾಗೇ: ಎ3, ಬಿ4, ಇ3ಕ್ಕೆ ಎದುರು ಎ6, ಬಿ5, ಇ6. ಇಬ್ಬರ ರಾಜರೂ ಮೂಲೆ ಸೇರಿದ್ದಾರೆ.

ವ್ಯತ್ಯಾಸ ಎರಡೇ. ಕಪ್ಪಿನ ಒಂದು ಆನೆ ಆಗಲೇ ಡಿ8ಕ್ಕೆ ಬಂದು ತೆರೆದ ಸಾಲಿನಲ್ಲಿ ನಿಂತಿದೆ. ತೆರೆದ ಸಾಲು ಅಂದರೆ ಕಾಲಾಳು ಇಲ್ಲದ ಉದ್ದ ಸಾಲು, ಆನೆಗೆ ಹೆದ್ದಾರಿ ಇದ್ದ ಹಾಗೆ. ಬಿಳಿಯ ಆನೆ ಇನ್ನೂ ಎಫ್1ರಲ್ಲಿದೆ. ಎರಡನೇ ವ್ಯತ್ಯಾಸ, ಈಗ ಆಡುವ ಸರದಿ ಕಪ್ಪಿನದು.

ಆಟ ಶುರು ಮಾಡಿದವರು ಯಾರು? ಬಿಳಿ. ಸಮ ಸಮವಾಗಿ ಬಂದಿದ್ದರೆ ಎರಡೂ ಕಡೆ ಒಂದೇ ಥರ ನಿಂತು, ಸರದಿ ಬಿಳಿಯದಾಗಬೇಕಿತ್ತು. ಈಗ ಸರದಿಯೂ ಕಪ್ಪಿನದು, ಮೇಲೆ ಒಂದು ಆನೆ ನಡೆ ಉಚಿತ. ಅಂದರೆ ಬಿಳಿಯ ಎರಡು ನಡೆ ಎಲ್ಲೋ ಸೋರಿಹೋಗಿವೆ. ಎಲ್ಲಿ? ನೋಟ್‌ಬುಕ್ಕಿನಲ್ಲಿ ನೀವೇ ಹುಡುಕಿ ಬರೆಯಿರಿ, ಆಮೇಲೆ ಕೆಳಗೆ ಓದಿ.

ಒಂದು ಸೋರಿದ್ದು ರಾಣಿಯಲ್ಲಿ. ಕಪ್ಪು ರಾಣಿ ಒಂದೇ ನಡೆಗೆ ಇ7 ತಲುಪಿತು. ಬಿಳಿ ರಾಣಿ ಡಿ2ಕ್ಕೆ ಹೋಗಿ ಇ2ಕ್ಕೆ ಬಂತು, ಎರಡು ನಡೆ. ಇನ್ನೊಂದು ಒಂಟೆಯಲ್ಲಿ. ಬಿಳಿ ಒಂಟೆ ಡಿ3ಕ್ಕೆ ಹೋಗಿ, ಸಿ4ರಲ್ಲಿ ಹೊಡೆದು, ಮತ್ತೆ ಡಿ3ಕ್ಕೆ ಬಂತು, ಮೂರು ನಡೆ. ಕಪ್ಪು ಒಂಟೆ ಸಿ5ರಲ್ಲಿ ಹೊಡೆದು ಡಿ6ಕ್ಕೆ ಬಂತು, ಎರಡೇ ನಡೆ. ರೂಬಿನ್‌ಸ್ಟೈನ್ ಸಿ4ರಲ್ಲಿ ಹೊಡೆದದ್ದು ಬಿಳಿ ಒಂಟೆ ಡಿ3ಕ್ಕೆ ಬಂದ ಮರುಕ್ಷಣವೇ, ಅದಕ್ಕಿಂತ ಮೊದಲಲ್ಲ. ಇದು ಕಾದು ಮಾಡಿದ ಕೆಲಸ.

ಇಲ್ಲಿ ಜನ ಮಾಡುವ ತಪ್ಪು ಏನು ಗೊತ್ತಾ? ಕಾಯಿ ಲೆಕ್ಕ ಹಾಕಿ "ಎರಡೂ ಕಡೆ ಸಮ ಇದೆ" ಎಂದು ಮುಂದೆ ಹೋಗುವುದು. ಕಾಯಿ ಸಮ ಇದ್ದರೂ ಹೊತ್ತು ಸಮ ಇಲ್ಲ. ನಿಮ್ಮ ಸ್ವಂತ ಆಟಗಳಲ್ಲೂ 12–15ನೇ ನಡೆಯ ಹೊತ್ತಿಗೆ ಒಮ್ಮೆ ಹೀಗೆ ಎಣಿಸಿ ನೋಡಿ: ಒಂದೇ ಕಾಯಿಯನ್ನು ಯಾರು ಎಷ್ಟು ಸಲ ಆಡಿದ್ದಾರೆ? ನೀವು ಎರಡು ನಡೆ ಮುಂದಿದ್ದರೆ ಸುಮ್ನೆ ಕೂರುವ ಹಾಗಿಲ್ಲ. ಈ ಲಾಭ ಬ್ಯಾಂಕಿನಲ್ಲಿ ಇಟ್ಟ ಹಣವಲ್ಲ, ಕೈಯಲ್ಲಿ ಹಿಡಿದ ಮಂಜುಗಡ್ಡೆ. ನಾಲ್ಕು ನಡೆ ತಡ ಮಾಡಿದರೆ ಎದುರಾಳಿಯೂ ಆನೆಗಳನ್ನು ತಂದು ನಿಲ್ಲಿಸುತ್ತಾನೆ.

ಹಂತ 6: ಬಾಗಿಲು ತೆರೆಯುವುದು

15. ... – ಕುದುರೆ ಇ5
16. ಕುದುರೆ×ಇ5 – ಒಂಟೆ×ಇ5
17. ಎಫ್4 – ಒಂಟೆ ಸಿ7
18. ಇ4 – ಆನೆ (ಎ8ರದ್ದು) ಸಿ8
19. ಇ5 – ಒಂಟೆ ಬಿ6+
20. ರಾಜ ಎಚ್1

ಕುದುರೆ ಸಿ6 ಬಿಟ್ಟ ತಕ್ಷಣ ಬಿ7ರ ಒಂಟೆಗೆ ದಾರಿ ಬಿಡಿಸಿತು, ಅದು ನೇರ ಬಿಳಿ ರಾಜನ ಅಂಗಳಕ್ಕೆ ಕಣ್ಣಿಟ್ಟಿತು. 16ನೇ ನಡೆಯ ನಂತರ ಒಂದು ಬೆದರಿಕೆಯೂ ಇದೆ. ಒಂಟೆ ಎಚ್2ರಲ್ಲಿ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತದೆ, ರಾಜ ಅದನ್ನು ಹೊಡೆದರೆ ರಾಣಿ ಡಿ6ರಿಂದ ಚೆಕ್, ಆಮೇಲೆ ಡಿ3ರ ಒಂಟೆ ಸಿಗುತ್ತದೆ. ಲೆಕ್ಕ ಹಾಕಿದರೆ ಕಪ್ಪಿಗೆ ಒಂದು ಕಾಲಾಳು ಲಾಭ. ಬೋರ್ಡಿನ ಮೇಲೆ ಆಡಿ ನೋಡಿ, ಮತ್ತೆ ಹಿಂದಕ್ಕೆ ಇಡಿ.

ಅದನ್ನು ತಡೆಯಲು ರೋತ್ಲೆವಿ ಎಫ್4 ಆಡಿದರು. ಮುಂದೆ ಇ4, ಇ5. ನೋಡಲು ಭಾರೀ ಧೈರ್ಯದ ಮುನ್ನುಗ್ಗುವಿಕೆ. ಕ್ಲಬ್ ಮಟ್ಟದಲ್ಲಿ ನಾವೆಲ್ಲ ಆಡುವ ನಡೆಗಳೇ ಇವು, ಅದಕ್ಕೇ ಈ ಆಟ ನಮಗೆ ಹತ್ತಿರ. ಆದರೆ ಕಾಲಾಳು ಹಿಂದಕ್ಕೆ ಬರುವುದಿಲ್ಲ. ಎಫ್2, ಇ3 ಎರಡೂ ಮನೆ ಖಾಲಿಯಾದವು. ಈಗ ಬಿ6ರಿಂದ ಜಿ1ರವರೆಗೆ ಓರೆ ದಾರಿಯಲ್ಲಿ ಒಂದು ಹುಲ್ಲುಕಡ್ಡಿಯೂ ಅಡ್ಡ ಇಲ್ಲ. ಕಪ್ಪು ಒಂಟೆ ಇ5ರಿಂದ ಸಿ7ಕ್ಕೆ ಓಡಿದಾಗ ಸೋತು ಹಿಂದೆ ಸರಿದ ಹಾಗಿತ್ತು. ಎರಡೇ ನಡೆಯಲ್ಲಿ ಅದು ಬಿ6ಕ್ಕೆ ಬಂದು ಚೆಕ್ ಕೊಟ್ಟಿತು. ರಾಜ ಎಚ್1ರ ಮೂಲೆಗೆ ಹೋದ, ಇನ್ನು ಜಿ1ಕ್ಕೆ ಕಾಲಿಡುವಂತಿಲ್ಲ.

ಗಮನಿಸಿ: ಕಪ್ಪಿನ ಒಂಟೆಗಳು ಬಿ6, ಬಿ7ರಲ್ಲಿ ಪಕ್ಕಪಕ್ಕ ನಿಂತು ಬೋರ್ಡಿನ ಆ ತುದಿಯಿಂದ ಈ ತುದಿಗೆ ಗುರಿ ಹಿಡಿದಿವೆ. ಆನೆಗಳು ಸಿ8, ಡಿ8ರಲ್ಲಿ ತೆರೆದ ಸಾಲುಗಳಲ್ಲಿವೆ. ಯಾವ ಕಾಯಿಯೂ ಮನೆಯಲ್ಲಿ ಮಲಗಿಲ್ಲ. ಬಿಳಿಯ ಎ1 ಆನೆ ಮಾತ್ರ ಆಟದ ಉದ್ದಕ್ಕೂ ಒಂದು ಹೆಜ್ಜೆ ಇಡುವುದಿಲ್ಲ.

ಹಂತ 7: ಊಹೆ ಮಾಡುವುದು

ಎರಡನೇ ಸಂಜೆ ಇಲ್ಲಿಂದ ಶುರು ಮಾಡಿ. ಎಫ್6ರ ಕುದುರೆಯ ಮೇಲೆ ಇ5 ಕಾಲಾಳು ಕಣ್ಣಿಟ್ಟಿದೆ. ನೀವು ಕಪ್ಪು. ಏನು ಆಡುತ್ತೀರಿ? ಹತ್ತು ನಿಮಿಷ ಯೋಚಿಸಿ, ನಡೆ ಬರೆದಿಡಿ. ಬರೀ ನಡೆಯಲ್ಲ, ಕಾರಣವನ್ನೂ ಬರೆಯಿರಿ. "ಚೆನ್ನಾಗಿ ಕಾಣ್ತು" ಎನ್ನುವುದು ಕಾರಣವಲ್ಲ.

20. ... – ಕುದುರೆ ಜಿ4
21. ಒಂಟೆ ಇ4 – ರಾಣಿ ಎಚ್4
22. ಜಿ3

ಕುದುರೆಯನ್ನು ಹಿಂದೆ ಡಿ7ಕ್ಕೋ ಇ8ಕ್ಕೋ ಎಳೆದುಕೊಂಡಿದ್ದೀರಾ? ಬಹಳ ಜನ ಹಾಗೇ ಮಾಡುತ್ತಾರೆ. ಕಾಯಿಗೆ ಅಪಾಯ ಬಂದಾಗ ಹಿಂದೆ ಓಡುವ ಮೊದಲು ಮುಂದೆ ಹೋಗಬಹುದಾ ಎಂದು ನೋಡಿ. ಜಿ4ರಲ್ಲಿ ಆ ಕುದುರೆಯನ್ನು ಬಿಳಿ ರಾಣಿ ಹೊಡೆಯಬಹುದು ನಿಜ. ಆದರೆ ಆಗ ರಾಣಿ ಡಿ3ರ ಒಂಟೆಯ ಕಾವಲು ಬಿಟ್ಟಿತು. ಆನೆ ಡಿ3ರಲ್ಲಿ ಒಂಟೆಯನ್ನು ಹೊಡೆಯುತ್ತದೆ. ಕಾಯಿಗೆ ಕಾಯಿ ಸರಿಹೋಯಿತು, ಕಪ್ಪು ಆನೆ ಮಾತ್ರ ಬಿಳಿಯ ಕೋಟೆ ಒಳಗೇ ನಿಂತಿತು. ಕುದುರೆ ಸಿ3ರಿಂದ ಇ2ಕ್ಕೆ ಸರಿದರೆ ಇನ್ನೊಂದು ಆನೆ ಸಿ2ಕ್ಕೆ ನುಗ್ಗುತ್ತದೆ.

ಅದಕ್ಕೇ ಬಿಳಿ ಒಂಟೆ ಇ4ಕ್ಕೆ ಹೋಗಿ ಬಿ7ರ ಒಂಟೆಯ ದಾರಿಗೆ ಅಡ್ಡ ನಿಂತಿತು. ಕಪ್ಪು ರಾಣಿ ಎಚ್4ಕ್ಕೆ ಬಂದು ಎಚ್2ರಲ್ಲಿ ಚೆಕ್‌ಮೇಟ್ ಬೆದರಿಕೆ ಹಾಕಿತು. ಬಿಳಿ ಜಿ3 ಆಡಿತು. ಇದಕ್ಕೆ ಎರಡು ಲಾಭ: ಕಪ್ಪು ರಾಣಿಯ ಮೇಲೆ ಏಟು, ಜೊತೆಗೆ ಜಿ2 ಖಾಲಿಯಾಗಿ ಇ2ರ ರಾಣಿಯಿಂದ ಎಚ್2ರವರೆಗೆ ಅಡ್ಡ ಸಾಲು ತೆರೆಯಿತು. ಈಗ ರಾಣಿ ಎಚ್2ಕ್ಕೆ ಕಾವಲು.

ಜಿ3 ಬದಲು ಎಚ್3 ಆಡಿದ್ದರೆ? ಇದು ಒಳ್ಳೆಯ ವ್ಯಾಯಾಮ. ಆನೆ×ಸಿ3, ಒಂಟೆ×ಸಿ3, ಒಂಟೆ×ಇ4, ರಾಣಿ×ಇ4, ರಾಣಿ ಜಿ3! ಎಚ್2ರಲ್ಲಿ ಮೇಟ್ ಬೆದರಿಕೆ. ಕಾಲಾಳು ಜಿ4ರ ಕುದುರೆಯನ್ನು ಹೊಡೆದರೆ ಎಚ್ ಸಾಲು ತೆರೆಯುತ್ತದೆ, ರಾಣಿ ಎಚ್4ಕ್ಕೆ ಹಿಂದೆ ಸರಿದು ಮೇಟ್. ಹಿಂದಕ್ಕೆ ಹೋಗಿ ಮೇಟ್ ಕೊಡುವ ನಡೆಯನ್ನು ನಮ್ಮ ಕಣ್ಣು ಬೇಗ ಹಿಡಿಯುವುದಿಲ್ಲ. ಈ ಸಾಲನ್ನು ಎರಡು ಮೂರು ಸಲ ಆಡಿ ನೋಡಿ.

ಹಂತ 8: ಏಟು

22. ... – ಆನೆ×ಸಿ3
23. ಜಿ×ಎಚ್4 – ಆನೆ ಡಿ2
24. ರಾಣಿ×ಡಿ2 – ಒಂಟೆ×ಇ4+
25. ರಾಣಿ ಜಿ2 – ಆನೆ ಎಚ್3

ರೋತ್ಲೆವಿ ಇಲ್ಲಿಗೆ ಆಟ ಬಿಟ್ಟುಕೊಟ್ಟರು.

ಕಪ್ಪಿನ ರಾಣಿ ಹೊಡೆತಕ್ಕೆ ಸಿಕ್ಕಿ ನಿಂತಿದೆ, ರೂಬಿನ್‌ಸ್ಟೈನ್ ಅದನ್ನು ಹಾಗೇ ಬಿಟ್ಟು ಆನೆಯಿಂದ ಸಿ3ರ ಕುದುರೆಯನ್ನು ಹೊಡೆದರು. ಇದು ಮಾಯ ಅಲ್ಲ, ಕಾವಲಿನ ಲೆಕ್ಕ. ಇ4ರ ಬಿಳಿ ಒಂಟೆಗೆ ಕಾವಲು ಇಬ್ಬರು: ಸಿ3ರ ಕುದುರೆ, ಇ2ರ ರಾಣಿ. ಕುದುರೆ ಹೋಯಿತು. ಈಗ ರಾಣಿಯೊಬ್ಬಳೇ ಇ4ನ್ನೂ ಕಾಯಬೇಕು, ಎಚ್2ನ್ನೂ ಕಾಯಬೇಕು. ಒಬ್ಬ ವಾಚ್‌ಮನ್‌ಗೆ ಎರಡು ಬೀದಿ ಕೊಟ್ಟ ಹಾಗೆ. ಚೆಸ್ ಮಾತಿನಲ್ಲಿ ಇದಕ್ಕೆ ಓವರ್‌ಲೋಡ್ ಎನ್ನುತ್ತಾರೆ.

ಪರೀಕ್ಷೆ ಮಾಡಿ. 23ರಲ್ಲಿ ಬಿಳಿ ಒಂಟೆ ಸಿ3ರ ಆನೆಯನ್ನು ಹೊಡೆದರೆ, ಕಪ್ಪು ಒಂಟೆ×ಇ4+. ರಾಣಿ ಇ4ರಲ್ಲಿ ಹೊಡೆಯಲೇಬೇಕು, ಎಚ್2 ಅನಾಥವಾಯಿತು, ರಾಣಿ×ಎಚ್2 ಮೇಟ್. ಬಿಳಿ ಒಂಟೆ ಬಿ7ರಲ್ಲಿ ಹೊಡೆದರೆ ಆನೆ×ಜಿ3. ಈ ಆನೆಯನ್ನು ಎಚ್2ರ ಕಾಲಾಳು ಹೊಡೆಯುವಂತಿಲ್ಲ, ಯಾಕೆಂದರೆ ಅದು ಪಿನ್ ಆಗಿದೆ. ಪಿನ್ ಅಂದರೆ ಕಾಯಿ ಅಲುಗಿದರೆ ಹಿಂದಿನ ರಾಜನಿಗೆ ಚೆಕ್ ತಗಲುತ್ತದೆ, ಹಾಗಾಗಿ ಅಲುಗುವ ಹಾಗಿಲ್ಲ.

ರೋತ್ಲೆವಿ ರಾಣಿಯನ್ನೇ ಹೊಡೆದರು. ಆಗ ಬಂದದ್ದು ಆನೆ ಡಿ2. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಅತಿ ಚಂದದ ನಡೆ ಇದು, ರಾಣಿ ಬಲಿಗಿಂತ ಚಂದ. ಒಬ್ಬಳೇ ಇದ್ದ ಕಾವಲುಗಾರ್ತಿಯನ್ನು ಕೈ ಹಿಡಿದು ಎಳೆದ ಹಾಗೆ. ರಾಣಿ ಡಿ2ರಲ್ಲಿ ಹೊಡೆದರೆ ಇ4ಕ್ಕೆ ಕಾವಲಿಲ್ಲ, ಒಂಟೆ ಅಲ್ಲಿ ಹೊಡೆದು ಚೆಕ್ ಕೊಡುತ್ತದೆ. ರಾಣಿಯ ಬದಲು ಒಂಟೆ ಬಿ7ರಲ್ಲಿ ಹೊಡೆದರೆ? ಆನೆ×ಇ2, ಒಂಟೆ ಜಿ2ಕ್ಕೆ ಬಂದು ತಡೆಯುತ್ತದೆ, ಆಗಲೂ ಆನೆ ಎಚ್3! ಒಂಟೆ ಆ ಆನೆಯನ್ನು ಹೊಡೆದರೆ ಇನ್ನೊಂದು ಆನೆ ಎಚ್2ರಲ್ಲಿ ಮೇಟ್.

ಕೊನೆಯ ಸ್ಥಿತಿಯನ್ನು ಹಾಗೇ ಬಿಟ್ಟು ನೋಡಿ. ಎಚ್2 ಕಾಲಾಳಿನ ಪಕ್ಕದಲ್ಲೇ ಬಿಳಿ ರಾಣಿ ಇದ್ದಾಳೆ. ಆದರೂ ಕಾಯಲಾರಳು, ಇ4ರ ಒಂಟೆ ಅವಳನ್ನು ಪಿನ್ ಮಾಡಿದೆ. ಅವಳು ಇ4ರಲ್ಲಿ ಹೊಡೆದರೆ ಆನೆ×ಎಚ್2 ಮೇಟ್. ಬಿಳಿ ಆನೆ ಎಫ್3ಕ್ಕೆ ಬಂದರೆ ಒಂಟೆ ಅದನ್ನು ಹೊಡೆಯುತ್ತದೆ, ಎಫ್2ಕ್ಕೆ ಬಂದರೆ ಬಿ6ರ ಒಂಟೆ ಹೊಡೆಯುತ್ತದೆ, ಮೇಟ್ ಅಲ್ಲೇ ಕಾದಿರುತ್ತದೆ.

ಇಲ್ಲೊಂದು ಬಲೆ. 25ರಲ್ಲಿ "ರಾಣಿ ಸಿಕ್ಕಿತು" ಎಂದು ಒಂಟೆಯಿಂದ ಜಿ2ರಲ್ಲಿ ಹೊಡೆಯುವ ಆಸೆ ಬರುತ್ತದೆ. ಆಗಲೂ ಕಪ್ಪಿಗೆ ಒಳ್ಳೆಯ ಆಟವೇ. ಆದರೆ ರಾಜ ಒಂಟೆಯನ್ನು ಹೊಡೆಯುತ್ತಾನೆ, ಆಟ ಮುಂದುವರಿಯುತ್ತದೆ. ಆನೆ ಎಚ್3 ಆಡಿದರೆ ಅಲ್ಲೇ ಮುಗಿಯಿತು. ಪಿನ್ ಆದ ಕಾಯಿ ಎಲ್ಲಿಗೂ ಓಡುವುದಿಲ್ಲ, ಅದನ್ನು ಹೊಡೆಯಲು ಅವಸರ ಬೇಡ.

ಹಂತ 9: ಈಗ ಮೊಬೈಲ್ ತೆಗೆಯಿರಿ

ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ದುಡ್ಡಿಲ್ಲದೆ 'ಸ್ಟಡಿ' ಮಾಡಿಕೊಳ್ಳಬಹುದು. ಅಲ್ಲಿ ಈ ನಡೆಗಳನ್ನು ಹಾಕಿ, ನಿಮ್ಮ ಟಿಪ್ಪಣಿ ಪಕ್ಕದಲ್ಲಿ ಬರೆಯಿರಿ. ಎಂಜಿನ್ ಅನ್ನು, ಅಂದರೆ ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮನ್ನು, ಕೊನೆಗೆ ಚಾಲು ಮಾಡಿ. ನೀವು ನೋಟ್‌ಬುಕ್ಕಿನಲ್ಲಿ ಬರೆದ ಊಹೆಗಳನ್ನು ಮಾತ್ರ ಅದರ ಮುಂದೆ ಇಡಿ. "ನಾನು ಯೋಚಿಸಿದ ನಡೆಗೆ ಏನು ಉತ್ತರ?" ಅಂತ ಕೇಳಿ. ಮೊದಲಿನಿಂದಲೇ ಎಂಜಿನ್ ಹಚ್ಚಿ ಕೂತರೆ ಅದು ಕಲಿಯುತ್ತದೆಯೇ ಹೊರತು ನೀವಲ್ಲ.

ಆಮೇಲೆ ಇನ್ನೊಂದು ಆಟ ಹುಡುಕಿ: 2013ರ ಜನವರಿ, ನೆದರ್ಲೆಂಡ್ಸಿನ ವೈಕ್ ಆನ್ ಝೀ, ಲೆವೊನ್ ಅರೋನಿಯನ್ ವಿರುದ್ಧ ವಿಶ್ವನಾಥನ್ ಆನಂದ್. ಆನಂದ್ ಆಗ ವಿಶ್ವ ಚಾಂಪಿಯನ್, ಕೈಯಲ್ಲಿ ಕಪ್ಪು ಕಾಯಿ, 23 ನಡೆಗಳಲ್ಲಿ ಗೆಲುವು. ಡಿಫೆನ್ಸ್ ಬೇರೆ, ಸೆಮಿ ಸ್ಲಾವ್. ಆದರೆ 16ನೇ ನಡೆಯಲ್ಲಿ ನಿಲ್ಲಿಸಿ ನೋಡಿ. ಒಂದು ಒಂಟೆ ಬಿ7, ಇನ್ನೊಂದು ಸಿ5ರಿಂದ ರಾಜನ ಕಡೆಗೆ, ಕುದುರೆ ಜಿ4. ಎಲ್ಲಿ ನೋಡಿದ ಹಾಗಿದೆ, ಅಲ್ವಾ? ಆನಂದ್ ಅಲ್ಲಿ ಇನ್ನೊಂದು ಕುದುರೆಯನ್ನೂ ಇ5ಕ್ಕೆ ಎಸೆದರು. ನೂರು ವರ್ಷ ದಾಟಿದರೂ ಒಂಟೆಗಳ ಜೋಡಿ ಅದೇ ಕೆಲಸ ಮಾಡಿತು.

ಹಂತ 10: ನೀವೇ ಆಡುವಾಗ

ಟಾರಾಶ್ ಆಡಬೇಕು ಅನ್ನಿಸಿದರೆ ಈ ಕ್ರಮ ಇಟ್ಟುಕೊಳ್ಳಿ: ಡಿ4ಗೆ ಡಿ5, ಸಿ4ಗೆ ಇ6, ಕುದುರೆ ಸಿ3ಗೆ ಸಿ5. ಇ6 ಮೊದಲು, ಸಿ5 ಆಮೇಲೆ. ಎರಡನೇ ನಡೆಯಲ್ಲೇ ಸಿ5 ಆಡಿದರೆ ಬಿಳಿ ಡಿ5ರಲ್ಲಿ ಹೊಡೆಯುತ್ತದೆ, ನೀವು ರಾಣಿಯಿಂದ ಹೊಡೆಯಬೇಕಾಗುತ್ತದೆ, ಕುದುರೆ ಬಂದು ಅವಳನ್ನು ಓಡಿಸುತ್ತದೆ. ಅದೇ, ನಡೆ ಸೋರುವ ಕಥೆ.

ರೋತ್ಲೆವಿ ಥರ ಇ3 ಆಡುವವರು ಕ್ಲಬ್ಬಿನಲ್ಲಿ ಸಿಗುತ್ತಾರೆ. ಓದಿಕೊಂಡು ಬಂದವರು ಮಾತ್ರ ಹೀಗೆ ಆಡುತ್ತಾರೆ: 4. ಸಿ×ಡಿ5 – ಇ×ಡಿ5, 5. ಕುದುರೆ ಎಫ್3 – ಕುದುರೆ ಸಿ6, 6. ಜಿ3 – ಕುದುರೆ ಎಫ್6, 7. ಒಂಟೆ ಜಿ2 – ಒಂಟೆ ಇ7. ಮುಂದೆ ಬಿಳಿ ಸಿ5ರಲ್ಲಿ ಹೊಡೆದರೆ ನಿಮ್ಮ ಡಿ5 ಕಾಲಾಳು ಒಂಟಿಯಾಗುತ್ತದೆ, ಅಂದರೆ ಪಕ್ಕದ ಎರಡೂ ಸಾಲಿನಲ್ಲಿ ಅದಕ್ಕೆ ಜೊತೆ ಇರುವುದಿಲ್ಲ. ಅದನ್ನು ಕಾಯಿಗಳಿಂದಲೇ ಕಾಯಬೇಕು. ಬದಲಿಗೆ ನಿಮ್ಮ ಕಾಯಿಗಳಿಗೆ ಬೇಕಾದಷ್ಟು ಜಾಗ. ಟಾರಾಶ್ ಈ ವ್ಯಾಪಾರ ಲಾಭದ್ದು ಎಂದರು. ತಮಾಷೆ ಏನೆಂದರೆ, ಈ ಜಿ3 ಪದ್ಧತಿಗೆ ಆಸ್ಟ್ರಿಯಾದ ಆಟಗಾರ ಶ್ಲೆಕ್ಟರ್ ಜೊತೆ ಅಂಟಿಕೊಂಡಿರುವ ಹೆಸರು ಇದೇ ರೂಬಿನ್‌ಸ್ಟೈನ್ ಅವರದು! ಕಪ್ಪಿನಲ್ಲಿ ಈ ಡಿಫೆನ್ಸಿಗೆ ಅಮರ ಆಟ ಕೊಟ್ಟವರೇ ಬಿಳಿಯಲ್ಲಿ ಅದಕ್ಕೆ ದೊಡ್ಡ ತಲೆನೋವನ್ನೂ ಕೊಟ್ಟರು. ಹಾಗಂತ ಹೆದರಬೇಕಿಲ್ಲ. 1969ರಲ್ಲಿ ಸ್ಪಾಸ್ಕಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ಪೆಟ್ರೋಸಿಯನ್ ಎದುರು ಇದನ್ನೇ ಆಡಿದರು. 1984ರಲ್ಲಿ ಸ್ಮಿಸ್ಲೊವ್ ವಿರುದ್ಧ ಕಾಸ್ಪರೋವ್ ಕೂಡ.

ಒಂಟಿ ಕಾಲಾಳು ಇದ್ದಾಗ ಮಾಡಬಾರದ ಕೆಲಸ ಒಂದು: ಕಾಯಿಗಳನ್ನು ಒಂದರ ಮೇಲೊಂದು ಅದಲು ಬದಲು ಮಾಡಿಕೊಂಡು ಆಟ ಖಾಲಿ ಮಾಡುವುದು. ಕಾಯಿ ಕಡಿಮೆಯಾದಷ್ಟೂ ಆ ಕಾಲಾಳು ಹೊರೆ. ಆನೆಗಳನ್ನು ಇ8, ಸಿ8ಕ್ಕೆ ತನ್ನಿ, ಕುದುರೆಯನ್ನು ಇ4ರಲ್ಲಿ ಕೂರಿಸಿ.

ಬಿಳಿ ಎರಡನೇ ನಡೆಯಲ್ಲೇ ಒಂಟೆಯನ್ನು ಎಫ್4ಕ್ಕೆ ತಂದರೆ, ಅಂದರೆ ಈಗ ಎಲ್ಲೆಲ್ಲೂ ಆಡುವ ಲಂಡನ್ ಪದ್ಧತಿ, ಆಗ ಟಾರಾಶ್ ಬರುವುದೇ ಇಲ್ಲ. ಆದರೂ ಸಿ5, ಕುದುರೆ ಸಿ6, ಇ6, ಒಂಟೆ ಡಿ6 ಎನ್ನುವ ಇದೇ ಜೋಡಣೆ ನಡೆಯುತ್ತದೆ. ಅಲ್ಲಿಯೂ 12ನೇ ನಡೆಗೆ ನಿಲ್ಲಿಸಿ, ಎರಡೂ ಕಡೆ ಒಂಟೆ ಎಷ್ಟು ಸಲ ಅಲುಗಿದೆ ಎಂದು ಎಣಿಸಿ.